ಅಂತರ, ದಾರಿ, ಪಯಣ: ಬೆಂಗಳೂರು ಮಂಗಳೂರುಗಳ ನಡುವಣ ದೂರವನ್ನು ಕುರಿತ ವಿಚಾರ

೧

ಬೆಂಗಳೂರಿಗೂ ಮಂಗಳೂರಿಗೂ ದೂರವೆಷ್ಟು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವೆಂದೇ ಮೊದಲ ನೋಟಕ್ಕೆ ತೋರುತ್ತದೆ. ಆದರೆ ಒಬ್ಬರು ಮುನ್ನೂರು ಕಿಲೋಮೀಟರೆನ್ನುತ್ತಾರೆ, ಮತ್ತೊಬ್ಬರು ಮುನ್ನೂರೈವತ್ತೆನ್ನುತ್ತಾರೆ, ಮೂರನೆಯವರು ವಿಮಾನದಲ್ಲಿ ಒಂದು ಗಂಟೆಯೆಂದು ಹೇಳಿ ಮುಗಿಸುತ್ತಾರೆ. ಮೂವರೂ ಸತ್ಯವನ್ನೇ ನುಡಿದವರು. ಹಾಗಿದ್ದೂ ಒಬ್ಬರ ಮಾತು ಮತ್ತೊಬ್ಬರ ಮಾತಿಗೆ ಕೂಡಿಬರುವುದಿಲ್ಲ. ಇದಕ್ಕೆ ಕಾರಣವೇನೆಂದರೆ, 'ದೂರ'ವೆಂಬ ಒಂದೇ ಶಬ್ದದಿಂದ ನಾವು ಮೂರು ಬೇರೆ ಬೇರೆ ಅರ್ಥಗಳನ್ನು ವ್ಯವಹರಿಸುತ್ತಿರುವುದೇ ಆಗಿದೆ. ಎರಡು ಸ್ಥಳಗಳ ನಡುವೆ ಭೂಮಿಯ ಮೇಲೆ ಎಳೆಯಬಹುದಾದ ಅತ್ಯಂತ ಕಿರಿದಾದ ರೇಖೆ ಒಂದು. ಇದನ್ನು ಪ್ರಕೃತ ಲೇಖನದಲ್ಲಿ 'ಅಂತರ'ವೆಂದು ಕರೆಯುವೆನು. ಜನರು ನಡೆದು ಅಥವಾ ವಾಹನವೇರಿ ಹೋಗುವ ಮಾರ್ಗದ ಉದ್ದ ಎರಡನೆಯದು, ಇದು 'ದಾರಿ'. ಆ ದಾರಿಯನ್ನು ಸವೆಸಲು ತಗಲುವ ಕಾಲವೂ ಶ್ರಮವೂ ಮೂರನೆಯದು; ಇದು 'ಪಯಣ'.

ಈ ಮೂರನ್ನು ಬೇರ್ಪಡಿಸಿ ತಿಳಿಯದೆ ಹೋದರೆ ಲೋಕವ್ಯವಹಾರದಲ್ಲಿ ಹೇಗೋ ಹಾಗೆಯೇ ಕಾವ್ಯಪಾಠದಲ್ಲಿಯೂ ತೊಡಕುಂಟಾಗುತ್ತದೆ. ಯೋಜನ, ಕ್ರೋಶ, ಗಾವುದ, ಹರದಾರಿ ಮುಂತಾದ ಮಾತುಗಳು ಬಂದಲ್ಲೆಲ್ಲ ಒಂದು ನಿಶ್ಚಿತವಾದ ಮೈಲಿಯ ಲೆಕ್ಕವನ್ನು ಕೊಟ್ಟು ಮುಂದೆ ಸಾಗುವುದು ನಮ್ಮ ಟೀಕೆಗಳಲ್ಲಿಯೂ ತರಗತಿಗಳಲ್ಲಿಯೂ ರೂಢಿಯಾಗಿಬಿಟ್ಟಿದೆ. ಈ ರೂಢಿ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಕಂಡ ನೆಲದ ಉದಾಹರಣೆಯಿಂದ ಪರೀಕ್ಷಿಸುವುದೇ ಇಲ್ಲಿಯ ಉದ್ದೇಶ.

ಈ ವಿಚಾರ ನನ್ನ ಮನಸ್ಸಿಗೆ ಹತ್ತಿದುದು ಬಿಸಿಲೆಯಲ್ಲಿ. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಈ ಹಳ್ಳಿ ಸಹ್ಯಾದ್ರಿಯ ಅಂಚಿನಲ್ಲಿದೆ. ಊರಿನಾಚೆಯ ಕಡಿದಾದ ತಾಣದಲ್ಲಿ ನಿಂತರೆ ಎದುರಿಗೆ ಆಳವಾದ ಕಾಡುಕಣಿವೆ. ಅದರಾಚೆಗೆ ಸುಮಾರು ೧,೭೧೨ ಮೀಟರು ಎತ್ತರದ ಕುಮಾರಪರ್ವತ. ಆ ಬೆಟ್ಟಗಳ ನೀರು ಕುಮಾರಧಾರೆಯಾಗಿ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಬಳಿ ಪಡುಗಡಲಿಗೆ ಬೀಳುತ್ತದೆ. ಬಿಸಿಲೆಯ ಸೀಮೆಯ ಏಣಿನ ಈಚೆಗೆ ಬಿದ್ದ ಮಳೆಯಾದರೋ ಹೇಮಾವತಿಗೆ ಸೇರಿ, ಕಾವೇರಿಯೊಡಗೂಡಿ, ಮೂಡುಗಡಲನ್ನು ಮುಟ್ಟುತ್ತದೆ. ಒಂದೇ ಮುಗಿಲಿನಿಂದ ಗೇಣಂತರದಲ್ಲಿ ಬಿದ್ದ ಎರಡು ಹನಿಗಳ ಪಾಲಿಗೆ ಕಡಲು ಎಷ್ಟು ದೂರವೆಂಬುದು ಹೀಗೆ ಬೇರೆ ಬೇರೆಯಾಗುತ್ತದೆ. ಅಲ್ಲಿಯ ವೃದ್ಧರಾದ ಸಾಗುವಳಿದಾರರೊಬ್ಬರನ್ನು ಸುಬ್ರಹ್ಮಣ್ಯಕ್ಕೆ ಎಷ್ಟು ದೂರವೆಂದು ಕೇಳಿದೆನು. ಅವರು ಉತ್ತರ ಕೊಡುವುದಕ್ಕೆ ಮೊದಲು, "ಮಳೆಗಾಲದಲ್ಲೋ ಬೇಸಗೆಯಲ್ಲೋ, ಸ್ವಾಮಿ?" ಎಂದು ಮರುಪ್ರಶ್ನೆ ಮಾಡಿದರು. ಆ ಹೊತ್ತಿಗೆ ಅದು ಹಳ್ಳಿಗರ ಮುಗ್ಧತೆಯಾಗಿ ತೋರಿತು. ಹಿಂದಿರುಗುವ ದಾರಿಯಲ್ಲಿ ಆಲೋಚಿಸಿದಂತೆಲ್ಲ, ಶಾಸ್ತ್ರದೃಷ್ಟಿಯಿಂದ ಅದೇ ಸರಿಯಾದ ಪ್ರಶ್ನೆಯೆಂದು ಮನವರಿಕೆಯಾಯಿತು.

೨

ಮೊದಲು ಅಂತರವನ್ನು ನೋಡೋಣ. ಬೆಂಗಳೂರು ಉತ್ತರ ಅಕ್ಷಾಂಶ ೧೨.೯೭, ಪೂರ್ವ ರೇಖಾಂಶ ೭೭.೫೯ ಅಂಶಗಳಲ್ಲಿದೆ, ಮಂಗಳೂರು ಸುಮಾರು ೧೨.೮೭, ೭೪.೮೪ ಅಂಶಗಳಲ್ಲಿದೆ. ಅಕ್ಷಾಂಶದಲ್ಲಿ ಇವೆರಡಕ್ಕೂ ಹೆಚ್ಚಿನ ಭೇದವಿಲ್ಲ. ಒಂದು ಮತ್ತೊಂದರ ನೇರ ಪಡುವಣಕ್ಕಿದೆಯೆಂದೇ ಹೇಳಬಹುದು. ಭೂಮಧ್ಯರೇಖೆಯಲ್ಲಿ ಒಂದು ಅಂಶದ ರೇಖಾಂಶಕ್ಕೆ ೧೧೧ ಕಿಲೋಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಉತ್ತರಕ್ಕೆ ಸರಿದಂತೆ ವೃತ್ತಗಳು ಕಿರಿದಾಗುವುದರಿಂದ ಹದಿಮೂರನೆಯ ಅಕ್ಷಾಂಶದಲ್ಲಿ ಅದು ಸುಮಾರು ೧೦೮.೫ ಕಿಲೋಮೀಟರಿಗೆ ಇಳಿಯುತ್ತದೆ. ಎರಡೂಮುಕ್ಕಾಲು ಅಂಶಕ್ಕೆ ಗುಣಿಸಿ, ದಕ್ಷಿಣೋತ್ತರವಾಗಿ ಇರುವ ಸ್ವಲ್ಪ ಭೇದವನ್ನು ಭುಜಕೋಟಿಕರ್ಣನ್ಯಾಯದಿಂದ ಸೇರಿಸಿದರೆ ಅಂತರವು ೩೦೦ ಕಿಲೋಮೀಟರಿಗೆ ಅತಿ ಸಮೀಪವಾಗಿ ಬರುತ್ತದೆ. ಭೂಮಿ ಗೋಲಾಕಾರವಾದುದರಿಂದ ಈ ರೇಖೆ ನಿಜವಾಗಿ ಚಾಪವೇ ಹೊರತು ಸರಳರೇಖೆಯಲ್ಲ. ಆದರೆ ಇಷ್ಟು ಕಿರಿದಾದ ದೂರದಲ್ಲಿ ಚಾಪಕ್ಕೂ ಜ್ಯಾರೇಖೆಗೂ ಇರುವ ವ್ಯತ್ಯಾಸ ಮೂವತ್ತು ಮೀಟರನ್ನೂ ಮುಟ್ಟದು.

ಈ ಲೆಕ್ಕದ ತತ್ತ್ವ ನಮ್ಮ ಜ್ಯೌತಿಷಿಕರಿಗೆ ಹೊಸದಲ್ಲ. ಸೂರ್ಯಸಿದ್ಧಾಂತದ ಮತದಲ್ಲಿ ಭೂವ್ಯಾಸ ೧,೬೦೦ ಯೋಜನ. ಪರಿಧಿಯನ್ನು ಸ್ಥಳದ ಅಕ್ಷಾಂಶಕ್ಕನುಗುಣವಾಗಿ ಕುಗ್ಗಿಸಿ 'ಸ್ಫುಟಪರಿಧಿ'ಯನ್ನು ಸಾಧಿಸುವ ಕ್ರಮವೂ ಅಲ್ಲಿಯೇ ಉಂಟು. ಲಂಕಾ ಉಜ್ಜಯಿನಿಗಳ ಮೇಲೆ ಹಾಯುವ ಮಧ್ಯರೇಖೆಯಿಂದ ಒಂದು ಊರು ಮೂಡಣಕ್ಕೋ ಪಡುವಣಕ್ಕೋ ಎಷ್ಟು ಯೋಜನ ಸರಿದಿದೆಯೆಂಬುದನ್ನು ಕಾಲವಾಗಿ ಪರಿವರ್ತಿಸುವುದಕ್ಕೆ 'ದೇಶಾಂತರಸಂಸ್ಕಾರ'ವೆಂದು ಹೆಸರು. ದಿನವೊಂದಕ್ಕೆ ೩೬೦ ಅಂಶಗಳಾದ ಕಾರಣ, ಎರಡೂಮುಕ್ಕಾಲು ಅಂಶಕ್ಕೆ ೧೧ ಮಿನಿಟು, ಎಂದರೆ ೨೭ ವಿಘಳಿಗೆಗೆ ಸ್ವಲ್ಪ ಹೆಚ್ಚು. ಬೆಂಗಳೂರಿನಲ್ಲಿ ನಡುಹಗಲಾದ ಹನ್ನೊಂದು ಮಿನಿಟಿನ ಮೇಲೆ ಮಂಗಳೂರಿನಲ್ಲಿ ನಡುಹಗಲಾಗುತ್ತದೆ. ಗಡಿಯಾರಗಳು ಎರಡು ಕಡೆಯೂ ಒಂದೇ ಹೊತ್ತನ್ನು ತೋರಿದರೂ ಸೂರ್ಯನು ಈ ಅಂತರವನ್ನು ಮರೆತಿಲ್ಲ.

ಈ ನೆಲದ ಮೇಲೆ ಅಂತರವನ್ನು ಸರಪಳಿ ಕೋನಮಾಪಕಗಳಿಂದ ಕರಾರುವಾಕ್ಕಾಗಿ ಅಳೆದವನು ವಿಲಿಯಂ ಲ್ಯಾಂಬ್ಟನ್. ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮೂಲರೇಖೆಯನ್ನು ಅಳೆದು, ಬೆಂಗಳೂರಿನ ಸಮೀಪದಲ್ಲಿ ಇನ್ನೊಂದು ಮೂಲರೇಖೆಯಿಂದ ಅದನ್ನು ಪರೀಕ್ಷಿಸಿ, ತ್ರಿಕೋಣಗಳ ಮಾಲೆಯನ್ನು ಬೆಟ್ಟದಿಂದ ಬೆಟ್ಟಕ್ಕೆ ಹೆಣೆಯುತ್ತ ಅವನು ಮಂಗಳೂರಿನವರೆಗೆ ಸಾಗಿಸಿದನು. ಅದರ ಫಲವಾಗಿ ಒಂದು ಆಶ್ಚರ್ಯ ಹೊರಬಿದ್ದಿತು. ಮದರಾಸಿಗೂ ಮಂಗಳೂರಿಗೂ ೪೦೦ ಮೈಲಿಯೆಂದು ಅದುವರೆಗಿನ ಭೂಪಟಗಳು ತೋರಿಸುತ್ತಿದ್ದುವು. ಅಳತೆಯಲ್ಲಿ ಅದು ಸುಮಾರು ೩೬೦ ಮೈಲಿಯೇ ಆಯಿತು. ದಾರಿಯಿಂದಲೂ ಪಯಣದಿಂದಲೂ ಊಹಿಸಿದ ಅಂತರವು ಎಷ್ಟು ಹಿಗ್ಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

೩

ಇನ್ನು ದಾರಿಯ ವಿಚಾರ. ಬೆಂಗಳೂರಿನಿಂದ ಮಂಗಳೂರಿಗೆ ಎಳೆದ ರೇಖೆಯು ಸಕಲೇಶಪುರದ ಅತಿ ಸಮೀಪದಲ್ಲಿ ಹಾಯುತ್ತದೆ. ಅಲ್ಲಿಗೆ ಅಂತರದ ಮೂರರಲ್ಲಿ ಎರಡು ಪಾಲು ಮುಗಿದು, ಇನ್ನು ನೂರು ಕಿಲೋಮೀಟರಿನಷ್ಟು ಉಳಿಯುತ್ತದೆ. ಆದರೆ ಮೊದಲಿನ ಇನ್ನೂರು ಕಿಲೋಮೀಟರುಗಳು ಮೈದಾನದಂಥ ಎತ್ತರದ ನೆಲ. ಉಳಿದ ನೂರರಲ್ಲಿ ಘಟ್ಟವಿದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಭೂಪಟದ ರೇಖೆಗೂ ಅನ್ವಯಿಸಬಹುದು.

ಮಂಗಳೂರಿಗೆ ರೈಲು ಬಂದುದು ೧೯೦೭ರಲ್ಲಿ. ಬಂದುದಾದರೋ ತೆಂಕಣದ ಮಲಬಾರಿನ ಕಡೆಯಿಂದ. ಅಂದಿನಿಂದ ೧೯೭೯ರಲ್ಲಿ ಹಾಸನ ಮಂಗಳೂರು ಮಾರ್ಗ ಪೂರ್ತಿಯಾಗುವವರೆಗೆ, ಬೆಂಗಳೂರಿನವನು ರೈಲಿನಿಂದಲೇ ಮಂಗಳೂರನ್ನು ಸೇರಬೇಕಾದರೆ ಜೋಲಾರಪೇಟೆ, ಕೊಯಮತ್ತೂರಿನ ಬಳಿಯ ಪೋದನೂರು, ಶೊರನೂರುಗಳನ್ನು ಬಳಸಿ ಎಂಟುನೂರು ಕಿಲೋಮೀಟರಿಗೂ ಮಿಕ್ಕು ಸುತ್ತಬೇಕಾಗಿದ್ದಿತು. ಅಂತರ ಮುನ್ನೂರು, ದಾರಿ ಎಂಟುನೂರು. ನಡುವೆ ನಿಂತಿದ್ದುದು ಸಹ್ಯಾದ್ರಿ. ಎಪ್ಪತ್ತೆರಡು ವರ್ಷಗಳ ಕಾಲ ಎರಡು ಊರುಗಳೂ ತಮ್ಮ ಸ್ಥಾನವನ್ನು ಬಿಟ್ಟು ಕದಲಲಿಲ್ಲ. ಹಾಗಿದ್ದೂ ಒಂದು ವರ್ಷ ದಾಟುವಷ್ಟರಲ್ಲಿ ರೈಲುದಾರಿಯ ದೂರ ಅರ್ಧಕ್ಕೆ ಇಳಿದುಬಿಟ್ಟಿತು.

ಹೊಸ ಮಾರ್ಗವೂ ಘಟ್ಟವನ್ನು ಗೆದ್ದಿತೆನ್ನುವುದಕ್ಕಿಂತ ಘಟ್ಟದೊಡನೆ ಸಂಧಿ ಮಾಡಿಕೊಂಡಿತೆನ್ನುವುದು ಮೇಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಹಳಿಯ ಉದ್ದ ೫೫ ಕಿಲೋಮೀಟರು. ಅಂತರವಾದರೋ ನಾಲ್ವತ್ತಕ್ಕೆ ಮೀರದು. ಸಕಲೇಶಪುರ ಕಡಲಮಟ್ಟದಿಂದ ಒಂಬೈನೂರು ಮೀಟರಿಗೆ ಮಿಕ್ಕ ಎತ್ತರದಲ್ಲಿದೆ. ಕೆಳಗಿನ ನಿಲ್ದಾಣ ಸುಮಾರು ನೂರಿಪ್ಪತ್ತು ಮೀಟರಿನಲ್ಲಿದೆ. ಭಾರವಾದ ಗಾಡಿ ಹಳಿಯ ಮೇಲೆ ಜಾರದೆ ಏರಿಳಿಯಬೇಕಾದರೆ ಇಳಿಜಾರು ಮಿತವಾಗಿರಬೇಕು. ಇಲ್ಲಿ ಅದನ್ನು ಐವತ್ತಕ್ಕೆ ಒಂದರಂತೆ ಇರಿಸಿದ್ದಾರೆ. ಎಂಟುನೂರು ಮೀಟರು ಇಳಿಯುವುದಕ್ಕೆ ಆ ಪ್ರಮಾಣದಲ್ಲಿಯೇ ನಾಲ್ವತ್ತು ಕಿಲೋಮೀಟರು ಹಳಿ ಬೇಕಾಗುತ್ತದೆ. ತಿರುವುಗಳಲ್ಲಿಯೂ ನಿಲ್ದಾಣಗಳಲ್ಲಿಯೂ ಇಳಿಜಾರನ್ನು ಇನ್ನೂ ತಗ್ಗಿಸಬೇಕಾದುದರಿಂದ ಉದ್ದ ಮತ್ತಷ್ಟು ಬೆಳೆಯುತ್ತದೆ. ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಾರು ಸೇತುವೆಗಳು, ಎಡೆಬಿಡದ ತಿರುವುಗಳು ಇರುವ ಈ ಭಾಗದಲ್ಲಿ ಗಾಡಿಯ ಸರಾಸರಿ ವೇಗ ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಕಡಿಮೆ. ಆದುದರಿಂದ ಐವತ್ತೈದು ಕಿಲೋಮೀಟರಿಗೆ ಎರಡು ಗಂಟೆಗೂ ಮೇಲಾಗುತ್ತದೆ. ಮೀಟರ್‌ಗೇಜಿನ ಆ ಹಳಿಯನ್ನು ಅಗಲ ಮಾಡುವುದಕ್ಕಾಗಿ ೧೯೯೬ರಲ್ಲಿ ಸಂಚಾರ ನಿಂತು, ಪ್ರಯಾಣಿಕರ ಗಾಡಿ ಮತ್ತೆ ಓಡಿದುದು ೨೦೦೭ರ ಕೊನೆಯಲ್ಲಿ. ಆ ಹನ್ನೊಂದು ವರ್ಷಗಳಲ್ಲಿ ರೈಲುದಾರಿಯ ದೂರ ಹಿಂದಿನಂತೆಯೇ ಆಗಿದ್ದಿತೆಂಬುದು ಗಮನಾರ್ಹ.

ರಸ್ತೆಯ ದಾರಿ ಶಿರಾಡಿ ಘಟ್ಟದ ಮೂಲಕ ಸುಮಾರು ೩೫೦ ಕಿಲೋಮೀಟರು. ಬಿಸಿಲೆಯ ಘಟ್ಟ ಇದಕ್ಕೆ ತೆಂಕಣಕ್ಕಿದೆ. ಸಕಲೇಶಪುರದಿಂದ ಹೆತ್ತೂರು ವಣಗೂರುಗಳ ಕಡೆಯಿಂದ ಬಂದ ಕಿರಿದಾದ ರಸ್ತೆ ಇಲ್ಲಿ ದಟ್ಟವಾದ ಕಾಡಿನೊಳಗೆ ಸುತ್ತಿಸುತ್ತಿ ಸುಬ್ರಹ್ಮಣ್ಯದ ಕಡೆಗೆ ಇಳಿಯುತ್ತದೆ.

೪

ಆಕಾಶಮಾರ್ಗದಲ್ಲಿ ಬೆಟ್ಟದ ತಡೆಯಿಲ್ಲ. ಆದುದರಿಂದ ಅಲ್ಲಿ ಅಂತರವೂ ದಾರಿಯೂ ಒಂದೇ ಆಗಬೇಕು, ಪಯಣವು ಅಂತರವನ್ನು ವೇಗದಿಂದ ಭಾಗಿಸಿದಷ್ಟೇ ಇರಬೇಕು ಎಂದು ತೋರುವುದು ಸಹಜ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೂ ಮಂಗಳೂರಿನ ಬಜಪೆ ನಿಲ್ದಾಣಕ್ಕೂ ಅಂತರ ಸುಮಾರು ೩೦೬ ಕಿಲೋಮೀಟರು. ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ ೮೩೦ ಕಿಲೋಮೀಟರಿನಂತೆ ಸಾಗುತ್ತದೆ. ಲೆಕ್ಕದಲ್ಲಿ ೨೨ ಮಿನಿಟು ಸಾಕು. ಪ್ರೊಪೆಲ್ಲರಿನ ಕಿರಿಯ ವಿಮಾನ ೫೦೦ ಕಿಲೋಮೀಟರಿನಂತೆ ಸಾಗುತ್ತದೆ. ೩೭ ಮಿನಿಟು ಸಾಕು. ಆದರೆ ವೇಳಾಪಟ್ಟಿಗಳಲ್ಲಿ ಎರಡಕ್ಕೂ ಒಂದು ಗಂಟೆಯ ಆಸುಪಾಸಿನ ಕಾಲವೇ ನಮೂದಾಗಿರುತ್ತದೆ. ಈ ಹೆಚ್ಚಿನ ಕಾಲ ಎಲ್ಲಿ ಹೋಯಿತು?

ಮೊದಲನೆಯದಾಗಿ, ವೇಳಾಪಟ್ಟಿಯ ಕಾಲ ಹಾರಾಟದ ಕಾಲವಲ್ಲ. ವಿಮಾನವು ನಿಂತ ಸ್ಥಳದಿಂದ ಕದಲಿದುದು ಮೊದಲುಗೊಂಡು ಮತ್ತೊಂದು ನಿಲ್ದಾಣದಲ್ಲಿ ನೆಲೆಯಾಗಿ ನಿಲ್ಲುವವರೆಗಿನದು. ಓಡುದಾರಿಯವರೆಗೆ ನೆಲದ ಮೇಲೆ ಸಾಗುವುದೂ, ಸರತಿಗಾಗಿ ಕಾಯುವುದೂ ಅದರಲ್ಲಿ ಸೇರಿವೆ. ಎರಡನೆಯದಾಗಿ, ವಿಮಾನ ಗಾಳಿಗೆ ಎದುರಾಗಿ ಏಳಬೇಕು. ಬೆಂಗಳೂರಿನ ಓಡುದಾರಿಗಳು ಮೂಡು ಪಡುವಲಾಗಿ ಇವೆ. ಮೂಡಣ ಗಾಳಿ ಬೀಸುವಾಗ ಮಂಗಳೂರಿಗೆ ಹೊರಟ ವಿಮಾನವೂ ಮೊದಲು ಮೂಡಣಕ್ಕೆ ಎದ್ದು ಆಮೇಲೆ ಪಡುವಣಕ್ಕೆ ತಿರುಗಬೇಕಾಗುತ್ತದೆ. ಮೂರನೆಯದೂ ಮುಖ್ಯವೂ ಆದುದು ಏರಿಳಿತ. ವಿಮಾನ ಸಾಮಾನ್ಯವಾಗಿ ಮೂರು ಅಂಶದ ಕೋನದಲ್ಲಿ ಇಳಿಯುತ್ತದೆ. ಎಂದರೆ ಒಂದು ಪಾಲು ಇಳಿಯುವುದಕ್ಕೆ ಹತ್ತೊಂಬತ್ತು ಪಾಲು ಮುಂದೆ ಹೋಗಬೇಕು. ಏಳು ಕಿಲೋಮೀಟರು ಎತ್ತರಕ್ಕೆ ಏರಿದ ವಿಮಾನಕ್ಕೆ ಇಳಿಯಲು ೧೩೦ ಕಿಲೋಮೀಟರಿಗೂ ಹೆಚ್ಚು ದೂರ ಬೇಕು. ಬಜಪೆ ಸಕಲೇಶಪುರದಿಂದ ನೂರು ಕಿಲೋಮೀಟರಿನ ಒಳಗೇ ಇರುವುದರಿಂದ, ಸಕಲೇಶಪುರದ ಮೇಲೆ ಹಾಯುವಷ್ಟರಲ್ಲಿ ವಿಮಾನ ಆಗಲೇ ಇಳಿಯತೊಡಗಿರುತ್ತದೆ. ಕೆಳಗೆ ರೈಲು ಐವತ್ತಕ್ಕೆ ಒಂದರಂತೆ ಘಟ್ಟವನ್ನಿಳಿಯುತ್ತಿರಲು, ಮೇಲೆ ವಿಮಾನ ಹತ್ತೊಂಬತ್ತಕ್ಕೆ ಒಂದರಂತೆ ಕಾಣದ ಘಟ್ಟವೊಂದನ್ನು ಇಳಿಯುತ್ತಿರುತ್ತದೆ! ಏರುವುದಕ್ಕೂ ಇಳಿಯುವುದಕ್ಕೂ ಕಳೆದು ಉಳಿದ ದೂರ, ಪೂರ್ಣವೇಗದಲ್ಲಿ ಸಾಗುವುದಕ್ಕೆ ಬಹು ಸ್ವಲ್ಪವೇ ಆಗುತ್ತದೆ. ಅದರಿಂದಲೇ ಕಿರಿದಾದ ಅಂತರದಲ್ಲಿ ಜೆಟ್ಟಿನ ವೇಗ ಹೆಚ್ಚಾಗಿ ಪ್ರಯೋಜನಕ್ಕೆ ಬರುವುದಿಲ್ಲ.

ನಾಲ್ಕನೆಯದು ಗಾಳಿ. ಗಂಟೆಗೆ ೫೦೦ ಕಿಲೋಮೀಟರಿನ ವಿಮಾನಕ್ಕೆ ೫೦ ಕಿಲೋಮೀಟರಿನ ಪಡುವಣ ಗಾಳಿ ಎದುರಾದರೆ ಮುನ್ನೂರು ಕಿಲೋಮೀಟರಿಗೆ ೪೦ ಮಿನಿಟಾಗುತ್ತದೆ. ಅದೇ ಗಾಳಿ ಬೆನ್ನಿಗೆ ಬಂದರೆ ೩೩ ಮಿನಿಟಿಗೆ ಸ್ವಲ್ಪ ಕಡಿಮೆ. ಹೋಗುವ ದೂರವೂ ಬರುವ ದೂರವೂ ಒಂದೇ. ಪಯಣಗಳು ಮಾತ್ರ ಒಂದಲ್ಲ. ಬಜಪೆಯ ನಿಲ್ದಾಣವಾದರೋ, ೧೯೫೧ರ ಡಿಸೆಂಬರ್ ೨೫ರಂದು ಜವಾಹರಲಾಲ್ ನೆಹರೂ ಅವರ ವಿಮಾನವಿಳಿದು ಆರಂಭವಾದುದು, ಗುಡ್ಡದ ತಲೆಯನ್ನು ಸಮಮಾಡಿ ರಚಿಸಿದುದು. ಮುಂಗಾರಿನ ಮಂಜು ಮಳೆಗಳು ಅದನ್ನು ಮುಚ್ಚಿದಾಗ ವಿಮಾನ ಸುತ್ತು ಹಾಕುತ್ತ ಕಾಯುವುದೂ, ಕೆಲವೊಮ್ಮೆ ಬೇರೆ ನಿಲ್ದಾಣಕ್ಕೆ ತಿರುಗುವುದೂ ಉಂಟು. "ಮಳೆಗಾಲದಲ್ಲೋ ಬೇಸಗೆಯಲ್ಲೋ" ಎಂಬ ಬಿಸಿಲೆಯ ಪ್ರಶ್ನೆ ಆಕಾಶದಲ್ಲಿಯೂ ನಮ್ಮನ್ನು ಬಿಡಲಿಲ್ಲ.

ಮೇಘದೂತದ ಯಕ್ಷನು ಮೇಘಕ್ಕೆ ದಾರಿ ಹೇಳುವಾಗ, ಉತ್ತರಕ್ಕೆ ಹೊರಟ ನಿನಗೆ ಉಜ್ಜಯಿನಿಯ ದಾರಿ ಬಳಸಾದರೂ ಅದನ್ನು ನೋಡದೆ ಹೋಗಬೇಡವೆಂದು ಬೇಡುವುದನ್ನು ಸಹೃದಯರು ಬಲ್ಲರು. ಆಕಾಶಗಾಮಿಗೂ ನೇರವಾದ ದಾರಿ ಯಾವಾಗಲೂ ದಾರಿಯಲ್ಲವೆಂಬುದನ್ನು ಮಹಾಕವಿ ಅರಿತಿದ್ದನು.

೫

ಈ ಭೂಮಿಕೆಯ ಮೇಲೆ ನಮ್ಮ ಹಳೆಯ ಶಬ್ದಗಳನ್ನು ನೋಡಿದರೆ ಅವುಗಳ ಸ್ವಭಾವ ವಿಶದವಾಗುತ್ತದೆ. 'ಯೋಜನ'ವು ಯುಜ್ ಧಾತುವಿನಿಂದ ಬಂದುದು. ಎತ್ತು ಕುದುರೆಗಳನ್ನು ನೊಗಕ್ಕೆ ಒಮ್ಮೆ ಹೂಡಿದರೆ ಬಿಚ್ಚದೆ ಹೋಗಬಹುದಾದಷ್ಟು ದೂರ. 'ಕ್ರೋಶ'ವು ಕೂಗುವುದೆಂಬ ಅರ್ಥದ ಕ್ರುಶ್ ಧಾತುವಿನಿಂದ ಬಂದುದು. ಕೂಗು ಕೇಳಿಸುವಷ್ಟು ದೂರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕು 'ಗೋರುತ'ಗಳು ಒಂದು ಯೋಜನವೆಂದಿದೆ. ಗೋರುತವೆಂದರೆ ಹಸುವಿನ ಕೂಗು. ಕನ್ನಡದ 'ಕೂಗಳತೆ'ಯೂ 'ಕಣ್ಣಳತೆ'ಯೂ ಇದೇ ಕುಲದವು. ಇವುಗಳಲ್ಲಿ ಒಂದಾದರೂ ಅಂತರದಿಂದ ಹುಟ್ಟಿದ ಮಾತಲ್ಲ. ಎತ್ತಿನ ಹೆಗಲು, ಮನುಷ್ಯನ ಕೊರಳು, ನೋಡುವವನ ಕಣ್ಣು ಇವುಗಳೇ ಅಲ್ಲಿ ಮಾಪಕಗಳು. ಬಯಲಿನಲ್ಲಿ ಕೂಗು ಹೋಗುವಷ್ಟು ದೂರ ಬಿಸಿಲೆಯ ಕಾಡಿನಲ್ಲಿ ಹೋಗದು. ಕಣಿವೆಯ ಆಚೆಯ ಬೆಟ್ಟದಿಂದಲಾದರೋ ಕೂಗು ಕೇಳಿಬರಬಹುದು, ಅಲ್ಲಿಗೆ ನಡೆದು ತಲಪಲು ಮಾತ್ರ ಅರ್ಧ ದಿನ ಬೇಕಾದೀತು.

ಶಾಸ್ತ್ರಕಾರರು ಈ ಮಾತುಗಳನ್ನು ಗಣಿತಕ್ಕೆ ಒಳಪಡಿಸಿದಾಗಲೂ ಐಕಮತ್ಯ ಒದಗಲಿಲ್ಲ. ಆರ್ಯಭಟನ ಮತದಲ್ಲಿ ಭೂವ್ಯಾಸ ೧,೦೫೦ ಯೋಜನ, ಸೂರ್ಯಸಿದ್ಧಾಂತದಲ್ಲಿ ೧,೬೦೦. ಭೂಮಿ ಒಂದೇ ಆದುದರಿಂದ ಯೋಜನಗಳೇ ಬೇರೆಯೆಂದು ಇಟ್ಟುಕೊಳ್ಳಬೇಕು. ಇಂದಿನ ಭೂಮಾನದಿಂದ ಭಾಗಿಸಿ ನೋಡಿದರೆ ಮೊದಲನೆಯದು ಸುಮಾರು ಹನ್ನೆರಡು ಕಿಲೋಮೀಟರು, ಎರಡನೆಯದು ಸುಮಾರು ಎಂಟು. ಬೆಂಗಳೂರಿಗೂ ಮಂಗಳೂರಿಗೂ ಆರ್ಯಭಟನ ಲೆಕ್ಕದಲ್ಲಿ ೨೫ ಯೋಜನವಾದರೆ ಸೂರ್ಯಸಿದ್ಧಾಂತದ ಲೆಕ್ಕದಲ್ಲಿ ೩೮ ಆಗುತ್ತದೆ.

'ಗಾವುದ'ದ ಕಥೆ ಇನ್ನೂ ಬೋಧಪ್ರದ. ಇದು 'ಗವ್ಯೂತಿ'ಯ ತದ್ಭವ. ಅಮರಕೋಶದ ಪ್ರಕಾರ ಗವ್ಯೂತಿಯೆಂದರೆ ಎರಡು ಕ್ರೋಶ, ಎಂದರೆ ಅರ್ಧ ಯೋಜನ. ಮೇಲಿನ ಎರಡು ಮತಗಳಲ್ಲಿ ಅದು ನಾಲ್ಕರಿಂದ ಆರು ಕಿಲೋಮೀಟರು. ಕನ್ನಡದ ಗಾವುದಕ್ಕಾದರೋ ಹನ್ನೆರಡು ಮೈಲಿಯೆಂದು, ಎಂದರೆ ಹತ್ತೊಂಬತ್ತು ಕಿಲೋಮೀಟರೆಂದು, ಅರ್ಥ ಹೇಳುವ ರೂಢಿಯಿದೆ. ತಾಯಿಶಬ್ದಕ್ಕಿಂತ ಮಗಳು ಮೂರು ನಾಲ್ಕು ಮಡಿ ಬೆಳೆದಿರುವಳು! ಅರ್ಧ ಯೋಜನವೆಂಬ ಗಣಿತವನ್ನು ಮರೆತು, ಸಾಮಾನ್ಯ ಪಥಿಕನೊಬ್ಬನು ಒಂದು ದಿನದಲ್ಲಿ ಸುಖವಾಗಿ ಸಾಗುವ ಪಯಣವನ್ನು ಜನರು ಈ ಶಬ್ದದಲ್ಲಿ ತುಂಬಿದರೆಂದು ಊಹಿಸಿದರೆ ಈ ಬೆಳವಣಿಗೆಗೆ ಉಪಪತ್ತಿ ದೊರೆಯುತ್ತದೆ. ಇದು ನನ್ನ ಊಹೆಯೇ ಹೊರತು ಸಿದ್ಧಾಂತವಲ್ಲ, ವಿದ್ವಾಂಸರು ಪರಾಂಬರಿಸಬೇಕು.

೬

ಇದರಿಂದ ಉಪಾಧ್ಯಾಯರಿಗೆ ಒದಗುವ ಫಲವೇನು? ಶತಯೋಜನದ ಸಮುದ್ರವೆಂದು ಪದ್ಯದಲ್ಲಿ ಬಂದೊಡನೆ ಎಂಟರಿಂದಲೋ ಹನ್ನೆರಡರಿಂದಲೋ ಗುಣಿಸಿ ಭೂಪಟದೊಡನೆ ಹೋಲಿಸಿ, ಕವಿಯನ್ನು ಸುಳ್ಳುಗಾರನೆನ್ನುವುದೂ ಭೂಪಟವನ್ನು ಸುಳ್ಳೆನ್ನುವುದೂ ಎರಡೂ ಅನುಚಿತ. ಪಯಣವನ್ನು ಹೇಳಿದವನ ಮಾತನ್ನು ಅಂತರದ ಕೋಲಿನಿಂದ ಅಳೆದ ತಪ್ಪು ನಮ್ಮದು. ಟೀಕೆ ಬರೆಯುವಾಗ 'ಗಾವುದ: ೧೨ ಮೈಲಿ' ಎಂದಿಷ್ಟೇ ಬರೆಯುವ ಬದಲು, 'ದಾರಿಯ ಒಂದು ಅಳತೆ, ಕಾಲದೇಶಗಳಿಗೆ ತಕ್ಕಂತೆ ಭಿನ್ನ, ಸುಮಾರು ಒಂದು ದಿನದ ನಡಿಗೆಯೆಂದು ಇಲ್ಲಿ ಗ್ರಹಿಸಬಹುದು' ಎಂದು ಸಂದರ್ಭವನ್ನು ನೋಡಿ ಬರೆದರೆ ವಿದ್ಯಾರ್ಥಿಗೆ ಕವಿಯ ಹೃದಯ ತಿಳಿಯುತ್ತದೆ. ಶಾಸನಗಳಲ್ಲಿ ಊರಿಂದೂರಿಗೆ ದೂರ ಹೇಳಿದ ಎಡೆಗಳಲ್ಲಿಯೂ, ನಡುವೆ ಘಟ್ಟವಿದೆಯೇ ಬಯಲಿದೆಯೇ ಎಂಬುದನ್ನು ನೋಡದೆ ಸ್ಥಳನಿರ್ಣಯಕ್ಕೆ ತೊಡಗಕೂಡದು.

ಈ ವಿವೇಕ ಗ್ರಂಥಗಳಿಗೆ ಮಾತ್ರ ಸೀಮಿತವಲ್ಲ. ೨೦೧೮ರ ಆಗಸ್ಟಿನ ಮಳೆಯಲ್ಲಿ ಭೂಕುಸಿತಗಳುಂಟಾಗಿ ಶಿರಾಡಿಯ ರಸ್ತೆಯೂ ಘಟ್ಟದ ರೈಲೂ ಮುಚ್ಚಿಹೋದುವು. ೨೦೨೪ರ ಜುಲೈಯಲ್ಲಿ ಕಡಗರವಳ್ಳಿ ಎಡಕುಮೇರಿಗಳ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ಮತ್ತೊಮ್ಮೆ ನಿಂತಿತು. ಆ ದಿನಗಳಲ್ಲಿಯೂ ಬೆಂಗಳೂರಿಗೂ ಮಂಗಳೂರಿಗೂ ಅಂತರ ಮುನ್ನೂರೇ ಕಿಲೋಮೀಟರು. ಆದರೆ ಘಟ್ಟದ ಮೇಲಿನ ರೋಗಿಗೆ ಕರಾವಳಿಯ ವೈದ್ಯನೂ, ಕೆಳಗಿನ ಊರಲ್ಲಿ ಓದುತ್ತಿರುವ ಮಗನಿಗೆ ಮನೆಯೂ ಎಷ್ಟು ದೂರವಾದುವೆಂಬುದನ್ನು ಆ ಸಂಖ್ಯೆ ಹೇಳಲಾರದು. ಒಂದು ಗಂಟೆಯ ವಿಮಾನ ಬಿಸಿಲೆಯವನಿಗೆ ಇದ್ದೂ ಇಲ್ಲದುದು. ಅದನ್ನೇರಬೇಕಾದರೆ ಅವನು ಮೊದಲು ಘಟ್ಟವನ್ನಿಳಿದು ಮಂಗಳೂರನ್ನೇ ಸೇರಬೇಕು. ಎರಡು ಪಟ್ಟಣಗಳು ಹತ್ತಿರವಾದುವೆಂದು ನಾವು ಸಂತೋಷಪಡುವಾಗ, ನಡುವಿನ ನೆಲ ಹತ್ತಿರವಾಯಿತೇ ಎಂದೂ ಕೇಳುವುದು ನ್ಯಾಯ.

ಆದುದರಿಂದ, ದೂರವೆಷ್ಟೆಂದು ಕೇಳಿದವರಿಗೆ ಸಂಖ್ಯೆಯನ್ನು ಹೇಳುವ ಮುನ್ನ ಅಂತರವೋ, ದಾರಿಯೋ, ಪಯಣವೋ ಎಂದು ಕೇಳಿಕೊಳ್ಳುವುದು ಅವಶ್ಯಕ. ಬಿಸಿಲೆಯ ವೃದ್ಧರು ಯಾವ ಸಿದ್ಧಾಂತಗ್ರಂಥವನ್ನೂ ಓದಿದವರಲ್ಲ. ಆದರೆ ಪ್ರಶ್ನೆಯನ್ನು ವಿಭಾಗಿಸಿಕೊಂಡೇ ಉತ್ತರಕ್ಕೆ ತೊಡಗಿದರು. ಬೇಸಗೆಯೆಂದು ನಾನು ಹೇಳಿದ ಮೇಲೆ ಅವರು ಕೊಟ್ಟ ಉತ್ತರ, "ಹೊತ್ತಿಗೆ ಮುಂಚೆ ಹೊರಟರೆ ಹತ್ತಿರವೇ" ಎಂಬುದಾಗಿದ್ದಿತು.